ಪೋಲೆಂಡಿನ ಜರ್ನಲ್‌ನಲ್ಲಿ ನಮ್ಮ ಮನೆಯ ಊಟ

ಅಹ್ಮದಿ, ಕುವೈತ್

ಪ್ರೀತಿಯ ಶರಣ್ಯಾ,

ಅಲ್ಲಿ ಚಳಿ ಹೆಚ್ಚಂತೆ, ಕಾಲುಚೀಲ ಹಾಕಿಕೊಂಡೇ ಮಲಗು. ಪೋಲೆಂಡಿನ ಅಪರಾಧಶಾಸ್ತ್ರದ ಜರ್ನಲ್‌ನಲ್ಲಿ ನಿನ್ನ ಲೇಖನ ಬಂದಿದೆ ಎಂದು ದೊಡ್ಡಪ್ಪ ಖುಷಿಯಿಂದ ಫೋನಿನಲ್ಲಿ ತೋರಿಸಿದರು. ಇಂಗ್ಲಿಷ್ ನಿಘಂಟು ಹಿಡಿದು ಪೂರ್ತಿ ಓದಿದೆ. ಹೇಸಿಗೆಯಾಯಿತು, ಮಗಾ.

ವೀಸಾ ಕೊಟ್ಟ ಕಫೀಲನನ್ನು ಬಿಟ್ಟು, ಇಕಾಮಾ ಎಂಬ ವಾಸದ ಪರವಾನಗಿ ಇಲ್ಲದೆ ತಾನು ದುಡಿಯುತ್ತಿರುವುದನ್ನು ಅಡುಗೆಯ ರೋಕ್ ನಮ್ಮನ್ನು ನಂಬಿ ಶುಕ್ರವಾರದ ಊಟಕ್ಕೆ ಕೂತಾಗ ಹೇಳಿದ್ದ. ರಜೆಗೆಂದು ನಮ್ಮಲ್ಲಿಗೆ ಬಂದಿದ್ದ ನೀನು ಕೋರಿರೊಟ್ಟಿ ಬಡಿಸುತ್ತಾ ಕೇಳಿ ಕೇಳಿ ಬಾಯಿ ಬಿಡಿಸಿದೆ. ಲೇಖನ ಬರೆಯುವುದಕ್ಕೆಂದು ಒಂದು ಮಾತೂ ಹೇಳಲಿಲ್ಲ, ಈಗ ಅಷ್ಟನ್ನೂ ಅಚ್ಚು ಹಾಕಿಸಿದ್ದೀಯ. ಕಾನೂನು ಓದಿದವಳು ನೀನು! “ಹೆಸರು ಹಾಕಿಲ್ಲ ದೊಡ್ಡಮ್ಮ” ಅನ್ನಬೇಡ. ಮೀನಾ ಅಬ್ದುಲ್ಲಾದ ಕಾರ್ಮಿಕರ ಕ್ಯಾಂಪಿನಲ್ಲಿ ಕುಂಟುವ ಅಡುಗೆಯವನು, ಅದೂ ಕಾರ್ಕಳ ಕಡೆಯವನು, ಇನ್ನೊಬ್ಬ ಎಲ್ಲಿದ್ದಾನೆ? ಯಾರಾದರೂ ಗುರುತು ಹಿಡಿದರೆ ಅವನನ್ನು ಹಿಡಿದು ಊರಿಗೆ ಅಟ್ಟುತ್ತಾರೆ. ಕೊನೆಯಲ್ಲಿ ನನಗೆ ಧನ್ಯವಾದ ಬೇರೆ, ಊಟ ಹಾಕಿದ್ದಕ್ಕೆ!

ಇವತ್ತೇ ಸಂಪಾದಕರಿಗೆ ಬರೆದು ಆ ಭಾಗ ತೆಗೆಸು. ನನ್ನ ಹೆಸರನ್ನೂ ತೆಗೆಸು.

ಮುಚ್ಚಿಡುವುದು ಸರಿಯಲ್ಲವೆಂದು ನಾವೇ ಅವನಿಗೆ ವಿಷಯ ತಿಳಿಸಿದೆವು. ಅವನು ಬೈಯಲಿಲ್ಲ. ಈ ಶುಕ್ರವಾರ ಊಟಕ್ಕೆ ಕರೆದರೆ, “ಮನೆಯಲ್ಲಿ ಬೇರೆ ಯಾರಿದ್ದಾರೆ, ವಾರಿಜಕ್ಕಾ?” ಎಂದು ಕೇಳಿದ.

ನಿನ್ನ ದೊಡ್ಡಮ್ಮ,
ವಾರಿಜಾ