ನಲವತ್ತಾರಕ್ಕೆ ಒಂದು ಕಡಿಮೆ

೯ ಮಾರ್ಚ್, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಭಾವನಿಗೂ ತಿಳಿಸು. ನಿನ್ನ ಎರಡು ಕಾಗದಗಳಿಗೆ ಉತ್ತರವಿಲ್ಲದೆ ‘ಕೈ ಸವೆದುಹೋಗಿದೆಯಾ ಇವಳಿಗೆ’ ಎಂದು ಬೈದಿರುತ್ತೀಯ. ಸವೆದಿಲ್ಲ. ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಶುರುಮಾಡಿ ಅಲ್ಲಿಗೇ ಹಾಳೆ ಹರಿದು ಹಾಕಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತಲ್ಲ, ‘ಜನರ ಒಳಗಿನ ಎಳೆ ಎಣಿಸುವ ಕೂಲಿ’ ಎಂದು ಹೆಸರಿಟ್ಟವಳೇ ನೀನು. ರಕ್ತವನ್ನು ಬೆಚ್ಚಗಿಟ್ಟು, ಜೀವಕೋಶ ಒಂದು ಎರಡಾಗುವ ಹೊತ್ತಿಗೆ ಸರಿಯಾಗಿ ಹಿಡಿದು ನಿಲ್ಲಿಸಿ, ಗಾಜಿನ ಮೇಲೆ ತೊಟ್ಟಿಕ್ಕಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ವರ್ಣತಂತು ಎಣಿಸುವುದು. ಮಾಮೂಲಿಗೆ ನಲವತ್ತಾರು. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ. ಪ್ರಪಂಚದಲ್ಲಿ ವಕೀಲರಿಲ್ಲದೆ ಆಗುವ ಪಾಲು ಇದೊಂದೇ.

ಹೋದ ವಾರ ಬಣ್ಣದ ಹೊಸ ಬಾಟಲಿ ಬಂತು. ರೋಗಿಗಳ ರಕ್ತಕ್ಕೆ ಹಾಕುವ ಮೊದಲು ನಮ್ಮಲ್ಲೇ ಒಬ್ಬರದರ ಮೇಲೆ ಪರೀಕ್ಷಿಸುವುದು ಲ್ಯಾಬಿನ ವಾಡಿಕೆ. “ಈ ಸಲ ನೀನು ಕೈ ಚಾಚು. ನಿನ್ನಷ್ಟು ನಾರ್ಮಲ್ ಪ್ರಾಣಿ ಇಲ್ಲಿ ಇನ್ಯಾರಿದ್ದಾರೆ?” ಎಂದರು ಮೇಡಂ. “ನಮ್ಮ ರಕ್ತ ಹೀರ್ತೀರಿ ಅಂತ ಗೊತ್ತಿತ್ತು, ಇವತ್ತು ಸೂಜಿ ಸಮೇತ ಸಿಕ್ಕಿಬಿದ್ರಿ” ಎಂದೆ. ಎಲ್ಲರೂ ನಕ್ಕರು.

ಮೂರು ದಿನ ಬಿಟ್ಟು ಎಣಿಸಿದವಳು ಪಕ್ಕದ ಮೇಜಿನ ಗೆಳತಿ. ಸೋಡಾಬುಡ್ಡಿ ಹಾಕುವುದರಿಂದ ಅವಳಿಗೆ ‘ಕನ್ನಡಕ’ ಎಂದೇ ಹೆಸರು.

“ಲೇ, ನಲವತ್ತೈದು ಕಣೇ.”

“ಕೋಶ ಒಡೆದು ಒಂದು ಆಚೆ ಸಿಡಿದಿರುತ್ತೆ. ಪಕ್ಕದ್ದು ನೋಡು.”

“ಪಕ್ಕದ್ದೂ ಅಷ್ಟೇ. ಅದರಾಚೆದೂ ಅಷ್ಟೇ.”

“ಕನ್ನಡಕ, ನಿನ್ನ ಕನ್ನಡಕ ಒರೆಸ್ಕೋ.”

“ಒರೆಸಿಯಾಯ್ತು. ನೀನೇ ಬಾರೇ ಇಲ್ಲಿ.”

ಹೋಗಿ ನೋಡಿದೆ. ಕೂತ ಸ್ಟೂಲು ಕೆಳಗಿಂದ ಯಾರೋ ಎಳೆದ ಹಾಗಾಯಿತು ಅಕ್ಕ. ಕಳೆದುಹೋಗಿದ್ದೇನೂ ಇರಲಿಲ್ಲ. ಪ್ರತಿ ವರ್ಣತಂತುವಿಗೂ ಒಂದು ಸೊಂಟ ಇರುತ್ತದೆ. ಕೋಶ ಎರಡಾಗುವಾಗ ಅಲ್ಲೇ ಹಿಡಿದು ಅತ್ತಿತ್ತ ಎಳೆಯುವುದು. ಕೆಲವಕ್ಕೆ ಆ ಸೊಂಟ ನಡುವಿನಲ್ಲಿರದೆ ಕುತ್ತಿಗೆಯ ಹತ್ತಿರ ಹತ್ತಿ ಕೂತಿರುತ್ತದೆ. ಅಂಥ ಎರಡು, ಹದಿನಾಲ್ಕನೆಯದೊಂದು, ಇಪ್ಪತ್ತೊಂದನೆಯದೊಂದು, ಕೊರಳಿಗೆ ಕೊರಳು ಕೊಟ್ಟು ಒಂದೇ ಆಗಿಬಿಟ್ಟಿವೆ. ನನ್ನ ಮಟ್ಟಿಗೆ ತೊಂದರೆಯಿಲ್ಲ, ಸಾಮಾನೆಲ್ಲ ಮನೆಯಲ್ಲೇ ಇದೆ. ತೊಂದರೆ ಬರುವುದು ಮಗುವಿಗೆ ಪಾಲು ಕೊಡುವಾಗ. ಅಂಟಿಕೊಂಡವು ಬಿಡಿಸಿಕೊಳ್ಳದೆ ಹೊರಡುತ್ತವೆ. ಒಮ್ಮೊಮ್ಮೆ ಪಾಲು ಸರಿಯಾಗಿಯೇ ಹೋಗುತ್ತದೆ. ಒಮ್ಮೊಮ್ಮೆ ಇಪ್ಪತ್ತೊಂದನೆಯದು ಹೆಚ್ಚಾಗುತ್ತದೆ, ಇಲ್ಲವೇ ಏನೋ ಒಂದು ಇಲ್ಲವಾಗುತ್ತದೆ. ಅಂಥ ಬಸಿರು ಬಹಳ ಸಲ ನಿಲ್ಲುವುದಿಲ್ಲ. ಹೆಚ್ಚಾಗಿದ್ದು ನಿಂತರೂ, ಹುಟ್ಟಿದ ಮಗು ಬೆಳೆಯುವ ದಾರಿಯೇ ಬೇರೆ.

ಇದು ನನಗೆ ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬಹುದು. ನಮ್ಮಿಬ್ಬರ ನಡುವೆ ಅಷ್ಟು ವರ್ಷದ ಅಂತರ ಯಾಕೆ ಎಂದು ಕೇಳಿದಾಗಲೆಲ್ಲ ಅಮ್ಮ ಒಲೆಯ ಕಡೆ ತಿರುಗುತ್ತಿದ್ದಳು, ನೆನಪಿದೆಯಾ? ನನಗೆ ಬಂದದ್ದು ನಿನಗೂ ಬಂದಿರಬಹುದು, ಬರದೆಯೂ ಇರಬಹುದು. ಆದರೆ ನಿನ್ನ ಮೂರು ಬಸಿರು ಇಳಿದಾಗಲೂ ನಿಮ್ಮತ್ತೆ, “ಬಕೆಟ್ ಎತ್ತಬೇಡ ಅಂದ್ರೆ ಕೇಳ್ತಾಳಾ ಮಹಾರಾಣಿ?” ಎಂದರಲ್ಲ, ನೀನೂ ಅದನ್ನೇ ನಂಬಿ ಈಗ ತುಂಬಿದ ಚೊಂಬಿಗೂ ಹೆದರುತ್ತೀಯಲ್ಲ, ಅದು ಸಾಕು. ಬಕೆಟ್ಟಿನಿಂದ ಆದದ್ದಲ್ಲ. ನಿನ್ನ ತಪ್ಪಂತೂ ಅಲ್ಲವೇ ಅಲ್ಲ. ಭಾವನನ್ನು ಕರೆದುಕೊಂಡು ಬಂದು ರಕ್ತ ಕೊಟ್ಟು ಹೋಗು. ನಿಮ್ಮತ್ತೆಗೆ ಉತ್ತರ ನಾನು ಕೊಡುತ್ತೇನೆ.

ಚಿಕ್ಕವಳು ನಾನು, ನಿನಗೆ ಆಶೀರ್ವಾದ ಮಾಡುವ ಅಧಿಕಾರ ನನಗಿಲ್ಲ. ನೀನೇ ಅಲ್ಲಿಂದ ಮಾಡು. ಇಲ್ಲಿ ತಲೆ ಬಗ್ಗಿಸಿದ್ದೇನೆ.

ನಿನ್ನ ತಂಗಿ,
ತರ್ಲೆ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ರಕ್ತ ಕೊಟ್ಟ ಮರುದಿನ ನಾನು ಬಸುರಿ ಎಂದು ಗೊತ್ತಾಯಿತು. ನಿನಗೆ ಯಾವ ಬಾಯಲ್ಲಿ ಹೇಳಲಿ ಎಂದು ಒದ್ದಾಡುವಷ್ಟರಲ್ಲಿ ಆ ನಲವತ್ತೈದು ಎದುರು ಬಂದು ನಿಂತಿತು. ಇವರಿಗೆ ಬಸಿರು ಗೊತ್ತು, ಎಣಿಕೆ ಗೊತ್ತಿಲ್ಲ. ಹಾಲಿನವನಿಗೂ ಹೇಳಿ ಬೀಗುತ್ತಿದ್ದಾರೆ. ಮುಂದಿನ ತಿಂಗಳು ಮಗುವಿನ ಪರೀಕ್ಷೆ, ಗಾಜು ನಮ್ಮ ಲ್ಯಾಬಿಗೇ ಬರುತ್ತದೆ. “ನೀನು ನೋಡ್ಬೇಡ, ನಾನು ಎಣಿಸ್ತೀನಿ” ಎಂದಿದ್ದಾಳೆ ಕನ್ನಡಕ. ಎಣಿಸುವಾಗ ಅವಳ ತುಟಿ ಅಲ್ಲಾಡುತ್ತದೆ ಅಕ್ಕ. ಆ ದಿನ ಬಂದು ನನ್ನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗು.