ಗುರುವಾರ ನನ್ನ ಗೊಬ್ಬರದ ಡ್ರಮ್ ಒಯ್ಯಲು ಹೊರಟವರಿಗೆ

ಮಾನ್ಯ ಕಸ ವಿಲೇವಾರಿ ಅಧಿಕಾರಿಗಳೇ,

ನಾರಿದ್ದು ನೀವು ಕೊಟ್ಟ ಡಬ್ಬಿ, ಜಪ್ತಿಯಾಗುತ್ತಿರುವುದು ನನ್ನ ಡ್ರಮ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆಯನ್ನು ನಾಲ್ಕನೇ ತರಗತಿಯಲ್ಲಿ ಓದಿದ್ದೆ. ಓದು ಅಲ್ಲಿಗೇ ನಿಂತಿತು. ಆ ಗಾದೆಗೆ ಕಚೇರಿಯ ಮೊಹರು ಬಿದ್ದದ್ದನ್ನು ನೋಡಲು ಇಷ್ಟು ವರ್ಷ ಬದುಕಬೇಕಾಯಿತು. ನಿಮ್ಮ ನೋಟಿಸಿನ ಪ್ರಕಾರ ಬರುವ ಗುರುವಾರ ಬೆಳಿಗ್ಗೆ ಗಾಡಿ ಬಂದು ನಮ್ಮ ಹಿತ್ತಲಿನ ‘ಸಮಸ್ತ ತ್ಯಾಜ್ಯ ಸಂಗ್ರಹಣಾ ಪಾತ್ರೆಗಳನ್ನು’ ಒಳಗಿರುವುದರ ಸಮೇತ ಹೊತ್ತೊಯ್ಯಲಿದೆ. ಒಳಗಿರುವುದು ಏನೆಂದು ಯಾರಾದರೂ ಇಣುಕಿ ನೋಡಿದಿರಾ?

ನಾಲ್ಕು ತಿಂಗಳ ಹಿಂದೆ ನಿಮ್ಮವರು ನಮ್ಮ ಬೀದಿಯಲ್ಲಿ ಮನೆಗೊಂದರಂತೆ ಕಪ್ಪು ಡಬ್ಬಿ ಹಂಚಿದರು. ನೋಡಲೇನೋ ಲಕ್ಷಣವಾಗಿತ್ತು. ಮೈಯಲ್ಲಿ ಒಂದು ತೂತಿಲ್ಲ, ತಳ ಗಟ್ಟಿ, ಮುಚ್ಚಳ ಬಿಗಿ. ಇದು ಗೊಬ್ಬರದ ಡಬ್ಬಿಯಲ್ಲ, ಉಪ್ಪಿನಕಾಯಿ ಭರಣಿ ಎಂದು ಸೊಸೆಗೆ ಅಂದೇ ಹೇಳಿದೆ. ಗೊಬ್ಬರವಾಗುವುದಕ್ಕೂ ಕೊಳೆತು ನಾರುವುದಕ್ಕೂ ನಡುವೆ ಇರುವುದು ಒಂದಿಷ್ಟು ಗಾಳಿ, ಅಷ್ಟೇ. ಜೊತೆಗೊಂದು ಸೂಚನೆಯ ಹಾಳೆ: ಹಸಿ ಕಸ ಮಾತ್ರ ಹಾಕತಕ್ಕದ್ದು. ಒಣ ಎಲೆ ಒಣ ಕಸದ ಗಾಡಿಗೆ ಸೇರಿದ್ದರಿಂದ ಅದನ್ನು ಹಾಕಕೂಡದು. ಡಬ್ಬಿಯನ್ನು ವಿರೂಪಗೊಳಿಸಕೂಡದು. ನಾನು ಒಲೆಯಲ್ಲಿ ಕಬ್ಬಿಣದ ಸರಳು ಕಾಯಿಸಿ ಸುತ್ತ ತೂತು ಹೊಡೆಯಲು ಹೊರಟೆ. ಸೊಸೆ ಕೈ ಹಿಡಿದಳು.

“ಬೇಡಿ ಅತ್ತೆ, ಡಬ್ಬಿ ತಗೊಂಡಿದ್ದಕ್ಕೆ ಸಹಿ ಹಾಕಿರೋಳು ನಾನು. ಅವರು ಹೇಳಿದ ಹಾಗೇ ಮಾಡೋಣ. ಆಮೇಲೆ ನಮ್ಮದೇ ತಪ್ಪು ಅಂತಾರೆ.”

ಸರಳನ್ನು ಕೆಳಗಿಟ್ಟೆ. ಸೊಸೆಯ ಮಾತು ಕೇಳಿ ಕೆಟ್ಟಿದ್ದು ಇದೊಂದೇ ಸಲ, ಉಳಿದ ಸಲವೆಲ್ಲ ಕೇಳದೆ ಕೆಟ್ಟಿದ್ದೇನೆ. ತಿಳಿದೂ ತಿಳಿದೂ ನಿಮ್ಮ ಹಾಳೆಯ ಪ್ರಕಾರ ನಡೆದದ್ದು ನನ್ನ ತಪ್ಪು, ಒಪ್ಪುತ್ತೇನೆ. ಮೂರನೇ ವಾರಕ್ಕೆ ಡಬ್ಬಿಯ ತಳದಲ್ಲಿ ಕಪ್ಪು ನೀರು ನಿಂತಿತು. ಐದನೇ ವಾರಕ್ಕೆ ಮುಚ್ಚಳ ತೆರೆದರೆ ನಾತ ಬೀದಿಗೆ ಮುಟ್ಟುತ್ತಿತ್ತು. ಪಕ್ಕದ ಮನೆಯ ನಿವೃತ್ತ ಕಂಪೌಂಡರು ನಿಮಗೆ ದೂರು ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಮೂಗಿದ್ದವರು ಯಾರಾದರೂ ಕೊಡುತ್ತಿದ್ದರು. ನಾನೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ.

ಆಮೇಲೆ ನಿಮ್ಮ ಇನ್‌ಸ್ಪೆಕ್ಟರು ಬಂದರು. ಕರವಸ್ತ್ರ ಮೂಗಿನಿಂದ ಇಳಿಯಲಿಲ್ಲ, ಹಿತ್ತಲ ಬಾಗಿಲಿನಿಂದ ಒಂದು ಹೆಜ್ಜೆ ಈಚೆಗೆ ಬರಲಿಲ್ಲ. ಅಲ್ಲಿಂದಲೇ ನಿಮ್ಮ ಡಬ್ಬಿಯನ್ನೂ, ಹತ್ತು ಮಾರು ಆಚೆ ಗೋಡೆಯ ನೆರಳಲ್ಲಿದ್ದ ನನ್ನ ಡ್ರಮ್ಮನ್ನೂ ಎಣಿಸಿ ‘ಎರಡು’ ಎಂದು ಬರೆದುಕೊಂಡರು. ನಾನು ಡ್ರಮ್ಮಿನ ಮುಚ್ಚಳ ತೆಗೆದು, ಇದರ ಹತ್ತಿರ ಬಂದು ಮೂಸಿ ನೋಡಪ್ಪ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಿಟ್ಟು ಬೇರೇನಾದರೂ ಬಂದರೆ ನಾನೇ ಹೊತ್ತು ತಂದು ಕೊಡುತ್ತೇನೆ ಎಂದು ಕರೆದೆ.

“ಅಜ್ಜಿ, ಆರ್ಡರಲ್ಲಿ ಮೂಸಿ ನೋಡಿ ಅಂತ ಇಲ್ಲ. ಎಲ್ಲಾ ಪಾತ್ರೆ ಅಂತಿದೆ.”

“ಹಾಗಾದ್ರೆ ಹಾಲಿನ ಪಾತ್ರೇನೂ ಬರ್ಕೋ. ಅದೂ ನಿನ್ನೆ ಒಡೆದು ನಾರ್ತಿತ್ತು.”

ಅವರು ನಗಲಿಲ್ಲ. ನನಗೂ ನಗು ಬಂದಿರಲಿಲ್ಲ.

ಆ ಡ್ರಮ್ಮಿನ ವಿಷಯ ಹೇಳುತ್ತೇನೆ, ಕೇಳಿ. ಮೊದಲು ನಾನೂ ತಪ್ಪು ಡಬ್ಬಿಯನ್ನೇ ಆರಿಸಿದ್ದೆ. ತಗಡಿನದು ತಂದೆ, ಎರಡು ವರ್ಷಕ್ಕೆ ತುಕ್ಕು ಹಿಡಿದು ಜರಡಿಯಾಯಿತು. ಬಕೆಟ್ಟಿನಷ್ಟು ಚಿಕ್ಕದನ್ನಿಟ್ಟೆ, ಅದು ಗೊಬ್ಬರವಾಗುವಷ್ಟು ಬಿಸಿಯೇ ಏರಲಿಲ್ಲ. ಕಡೆಗೆ ಸೊಂಟದೆತ್ತರದ ಈ ಪ್ಲಾಸ್ಟಿಕ್ ಡ್ರಮ್ ಸಿಕ್ಕಿತು. ತಳ ಕೊಯ್ದು ನೆಲದ ಮೇಲೆ ಕೂರಿಸಿದೆ, ಎರೆಹುಳ ತಾನಾಗಿ ಮೇಲೇರಲಿ ಎಂದು. ಇಲಿ ನುಗ್ಗದಂತೆ ಅಡಿಗೆ ಸಣ್ಣ ಕಣ್ಣಿನ ತಂತಿಬಲೆ ಹಾಸಿದೆ. ಸುತ್ತ ಗೇಣಿಗೊಂದು ತೂತು. ಒಂದು ಬೊಗಸೆ ತರಕಾರಿ ಸಿಪ್ಪೆ ಬಿದ್ದರೆ ಮೇಲೆ ಎರಡು ಬೊಗಸೆ ಒಣ ಎಲೆ ಬೀಳಲೇಬೇಕು. ವಾರಕ್ಕೊಮ್ಮೆ ಕೋಲಿನಿಂದ ಕೆದಕಿ, ಒಂದು ಹಿಡಿ ತೆಗೆದು ಹಿಂಡಬೇಕು. ನೀರು ತೊಟ್ಟಿಕ್ಕಿದರೆ ಎಲೆ ಸಾಲದು, ಪುಡಿಯಾಗಿ ಉದುರಿದರೆ ನೀರು ಸಾಲದು. ಉಂಡೆಯಾಗಿ ಕೂತರೆ ಸರಿ. ಇದಕ್ಕೆ ತರಬೇತಿ ಶಿಬಿರ ಬೇಡ ಸ್ವಾಮಿ, ಕೈ ಕೊಳೆಯಾದರೆ ಸಾಕು.

ಈಗ ಅದರಲ್ಲಿ ಐದು ತಿಂಗಳ ಗೊಬ್ಬರವಿದೆ. ಹಣ್ಣಾಗಲು ಇನ್ನು ಇಪ್ಪತ್ತು ದಿನ. ಅದು ನನ್ನ ಹೂವಿನ ಗಿಡಕ್ಕಲ್ಲ. ನನ್ನ ಸೊಸೆ ಹನ್ನೊಂದು ವರ್ಷ ಹತ್ತಿ ಗಿರಣಿಯಲ್ಲಿ ದುಡಿದು ಎದೆ ತುಂಬ ಧೂಳು ತುಂಬಿಕೊಂಡು ಬಂದಳು. ಮೆಟ್ಟಿಲು ಹತ್ತಿದರೆ ಕೆಮ್ಮು, ಮಾತಾಡಿದರೆ ಕೆಮ್ಮು. ಗಿರಣಿ ಬಿಟ್ಟು ಸಸಿ ಬೆಳೆಸಿ ನಮ್ಮ ಮನೆ ಗೇಟಿನ ಬಳಿ ಮಾರಲು ಕೂತ ಮೇಲೆ ಈ ಎರಡು ವರ್ಷದಲ್ಲಿ ಉಸಿರು ತಿರುಗಿದೆ. ಬದನೆ, ಟೊಮೆಟೊ, ಮೆಣಸಿನ ಆರುನೂರು ಸಸಿ ಈಗ ಎರಡೆಲೆಯಲ್ಲಿವೆ. ಅವುಗಳನ್ನು ಚೀಲಕ್ಕೆ ಕಿತ್ತು ನೆಡಲು ಆ ಗೊಬ್ಬರವೇ ಬೇಕು. ಗುರುವಾರ ನೀವು ಅದನ್ನು ಊರಾಚೆಯ ಕಸದ ಗುಡ್ಡಕ್ಕೆ ಸುರಿದರೆ ಸಸಿಗಳು ಬಿತ್ತಿದ ತಟ್ಟೆಯಲ್ಲೇ ಹಳದಿಯಾಗುತ್ತವೆ. ಕೆಲಸಕ್ಕೆ ವಾಪಸ್ ಬಾ ಎಂದು ಗಿರಣಿಯ ಮೇಸ್ತ್ರಿ ಆಗಲೇ ಎರಡು ಸಲ ಹೇಳಿಕಳಿಸಿದ್ದಾನೆ. ಮೊನ್ನೆ ಅವಳು ಪೆಟ್ಟಿಗೆಯಿಂದ ಗಿರಣಿಯ ನೀಲಿ ಅಂಗಿ ತೆಗೆದು ಒಗೆದು ಹಾಕಿದ್ದಳು.

ಒಣ ಎಲೆಯನ್ನು ಒಂದು ಗಾಡಿಯಲ್ಲೂ ಹಸಿ ಸಿಪ್ಪೆಯನ್ನು ಇನ್ನೊಂದು ಗಾಡಿಯಲ್ಲೂ ಒಯ್ದು ಎರಡನ್ನೂ ಒಂದೇ ಗುಡ್ಡಕ್ಕೆ ಸುರಿಯುವ ನಿಮಗೆ, ಅವೆರಡನ್ನೂ ನನ್ನ ಹಿತ್ತಲಲ್ಲಿ ಕೂಡಿಸುವುದು ಅಪರಾಧವಾಗಿ ಕಂಡದ್ದು ಹೇಗೆ?

ನಾನು ಕೇಳುವುದು ದೊಡ್ಡದೇನಲ್ಲ. ಬುಧವಾರದೊಳಗೆ ನೀವೇ ಬನ್ನಿ, ಕರವಸ್ತ್ರ ಮನೆಯಲ್ಲಿ ಬಿಟ್ಟು ಬನ್ನಿ. ಎರಡರ ಮುಚ್ಚಳವನ್ನೂ ತೆರೆಯುತ್ತೇನೆ, ಎರಡರೊಳಗೂ ಕೈ ಹಾಕಿ. ಆಮೇಲೆ ಯಾವುದನ್ನು ಒಯ್ಯಬೇಕೋ ಅದರ ಮೇಲೆ ಸಹಿ ಹಾಕಿ. ಬೀದಿಯ ಉಳಿದ ಡಬ್ಬಿಗಳಿಗೆ ತೂತು ಹೊಡೆಯಲು, ಒಣ ಎಲೆ ಹಾಕಲು ಅಪ್ಪಣೆ ಕೊಡಿ, ಸರಳು ನನ್ನ ಹತ್ತಿರವಿದೆ.

ನೀವು ಬಾರದೆ ಗಾಡಿಯೊಂದೇ ಬಂದರೆ, ಡ್ರಮ್ಮಿನ ಮುಚ್ಚಳದ ಮೇಲೆ ನಾನು ಕೂತಿರುತ್ತೇನೆ. ಒಳಗಿರುವುದರ ಸಮೇತ ಎಂದು ಬರೆದಿದ್ದೀರಿ, ಮೇಲಿರುವುದರ ಬಗ್ಗೆ ಏನೂ ಬರೆದಿಲ್ಲ. ನನ್ನನ್ನು ಹಸಿ ಕಸದ ಗಾಡಿಗೆ ಹಾಕಬೇಕೋ ಒಣ ಕಸದ ಗಾಡಿಗೋ, ಅಷ್ಟರೊಳಗೆ ಒಂದು ತಿದ್ದುಪಡಿ ಆದೇಶ ಹೊರಡಿಸಿಬಿಡಿ.

ಇಂತಿ,
ನಿಮ್ಮ ಹಾಳೆಯನ್ನು ಅಕ್ಷರಶಃ ಪಾಲಿಸಿ ಕೆಟ್ಟ,
ಇನ್ನು ಮುಂದೆ ಪಾಲಿಸದ
ಒಬ್ಬ ಅತ್ತೆ