ಮಂಜು ಕಚ್ಚಿದರೂ ಸಾಯದ ಹಲ್ಲು

ತೇಲೂರು, ಶ್ರಾವಣದ ನಲವತ್ತೊಂದನೇ ದಿನ, ಕ್ರಿ.ಶ. ೨೩೧೮

ಹಿಂದಿನ ಕಾಲದವರಿಗೆ,

ಸತ್ತಿತೆಂದು ಊರೆಲ್ಲ ಚಪ್ಪಾಳೆ ತಟ್ಟಿದ ನನ್ನ ದವಡೆಹಲ್ಲು ಸತ್ತಿಲ್ಲ. ಒಂದು ವರ್ಷ ಇದನ್ನು ಮುಚ್ಚಿಟ್ಟಿದ್ದೆ. ನಮ್ಮ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಶ್ರಾವಣಕ್ಕೆ ಇಷ್ಟು ದಿನ ಹೇಗೆ ಬಂತೆಂದು ಮಾತ್ರ ಕೇಳಬೇಡಿ. ಒಂದೆಡೆ ಕೂರಲಾಗದೆ ಏಳನೇ ತರಗತಿಗೇ ಶಾಲೆ ಬಿಟ್ಟವಳು ನಾನು.

ತೇಲೂರು ಎಂದರೆ ಕುಂದಾಪುರದ ಎದುರು ಸಮುದ್ರದ ಮೇಲೆ ತೇಲುವ ನಮ್ಮ ಊರು. ಇಲ್ಲಿನ ಹರೆಯದವರು ಆಳದೋಣಿ ಹತ್ತಿ ಕಡಲ ತಳಕ್ಕಿಳಿದು ತಿಂಗಳುಗಟ್ಟಲೆ ಪಾಚಿಯ ಬೆಳೆ ನೋಡಿಕೊಳ್ಳುತ್ತಾರೆ. ಕೆಳಗಿನ ಒತ್ತಡಕ್ಕೆ ಕೆಟ್ಟ ಹಲ್ಲು ಜೀವ ಹಿಂಡುತ್ತದೆ, ಅಲ್ಲಿ ಡಾಕ್ಟರೂ ಇಲ್ಲ. ಹಾಗಾಗಿ ಒಮ್ಮೆ ನೊಂದ ಹಲ್ಲಿಗೆ ಮೊದಲೇ ರೂಟ್ ಕೆನಾಲ್ ಮಾಡಿಸಿ ನರ ತೆಗೆಸುವುದು ಕಟ್ಟಳೆ. ಆಮೇಲೆ ದಕ್ಕೆಯ ಮೇಲೆ ಎಲ್ಲರೆದುರು ಮಂಜುಗಡ್ಡೆ ಕಚ್ಚಬೇಕು. ಮುಖ ಕಿವುಚದಿದ್ದರೆ ಹಲ್ಲು ಸತ್ತಿತೆಂದು ಅರ್ಥ; ಅಂದು ಮನೆಯಲ್ಲಿ ಪಾಯಸ.

ನನ್ನ ಹಲ್ಲು ನೋಯತೊಡಗಿದಾಗ ಡಾಕ್ಟರ್ ಫರೀದಾ ಎರಡು ದಾರಿ ಹೇಳಿದರು. ರೂಟ್ ಕೆನಾಲ್‌ನಲ್ಲಿ ಬೇರಿನ ತುದಿಯವರೆಗೂ ನರವಿರುವ ತಿರುಳನ್ನೆಲ್ಲ ತೆಗೆದು, ಖಾಲಿ ಜಾಗ ತುಂಬುತ್ತಾರೆ, ನಂಬಬಹುದಾದ ಚಿಕಿತ್ಸೆ. ಇನ್ನೊಂದರಲ್ಲಿ ಊದಿಕೊಂಡ ಮೇಲಿನ ತಿರುಳನ್ನಷ್ಟೇ ತೆಗೆಯುತ್ತಾರೆ. ರಕ್ತ ನಿಂತರೆ ಅದರ ಮೇಲೆ ಔಷಧದ ಸಿಮೆಂಟು ಮುಚ್ಚಿ, ಬೇರಿನೊಳಗಿನದನ್ನು ಜೀವಂತ ಬಿಡುತ್ತಾರೆ.

"ಇದು ಸೋತ್ರೆ ಆಮೇಲೂ ರೂಟ್ ಕೆನಾಲ್ ಮಾಡ್ಬಹುದು. ಅದನ್ನೇ ಮೊದ್ಲು ಮಾಡಿದ್ರೆ ತಿರುಳು ವಾಪಸ್ ಬರುದಿಲ್ಲ," ಎಂದರು.

ಉಳಿಸಿ ಎಂದೆ. ರಕ್ತ ನಿಂತಿತು.

ಮಂಜು ಕಚ್ಚಿದಾಗ ಏನೂ ಅನ್ನಿಸಲಿಲ್ಲ. ತಂಪು ತಿಳಿಯುವ ಮೇಲಿನ ತಿರುಳು ಹೋಗಿತ್ತು. ಬೇರಿನ ಜೀವಕ್ಕೆ ಮಂಜಿನ ತಂಪು ತಲುಪುವುದಿಲ್ಲ. ಊರವರಿಗೆ ಅದು ಗೊತ್ತಿಲ್ಲ, ಚಪ್ಪಾಳೆ ಬಿತ್ತು. ಅಮ್ಮ ಕೊಟ್ಟ ಪಾಯಸವನ್ನು ಅಣ್ಣನ ಬಟ್ಟಲಿಗೆ ಸುರಿದೆ.

ವರ್ಷ ಕಳೆದರೂ ಹಲ್ಲು ನೋಯಲಿಲ್ಲ. ಆಳಕ್ಕಿಳಿಯುವ ನನ್ನ ಸರದಿ ಬಂದಾಗ, ನಿನ್ನೆ, ದೋಣಿಯ ಯಜಮಾನ ತಾಂಡೇಲ ಗಿರಿಯಣ್ಣನಿಗೆ ಹೇಳಿಬಿಟ್ಟೆ.

"ಬಾಯ್ ಮುಚ್ಕಂಡ್ ಇರೂಕಾಯ್ಲಿಲ್ಯಾ ಹೆಣೆ? ನಿನ್ ಹಲ್ಲೊಳ್ಗೆ ಯಾರ್ ಇಣ್ಕಿ ಕಾಂತ್ರ್?"

"ನಾ ಹೇಳ್ದಿದ್ರೆ, ಹಲ್ಲು ಉಳ್ಸೂಕಾತ್ತ್ ಅಂದೇಳಿ ಬೇರೆಯವ್ರಿಗೆ ಗೊತ್ತಾಪುದ್ ಹ್ಯಾಂಗೆ ಗಿರಿಯಣ್ಣ?"

"ಇವತ್ತೇ ನರ ತೆಗ್ಸ್ಕಂಡ್ ಬಾ. ಇಲ್ದಿದ್ರೆ ದೋಣಿ ಹತ್ತೂಕಿಲ್ಲ."

"ನೋವಿಲ್ದಿದ್ ಹಲ್ಲ್ ಕೊಲ್ಲೂಕೆ ನಾ ಬಾಯಿ ತೆಗುದಿಲ್ಲೆ."

ನನ್ನ ಜಾಗ ಬೇರೊಬ್ಬರಿಗೆ ಹೋಯಿತು. ಚಿಕ್ಕಂದಿನಿಂದ ನಾನು ಬಯಸಿದ್ದು ಅದೊಂದನ್ನೇ.

ಎಲ್ಲ ಹಲ್ಲೂ ಉಳಿಯುತ್ತದೆಂದು ಸುಳ್ಳು ಹೇಳಲಾರೆ. ನನ್ನ ಅಣ್ಣನದು ಬೇರಿನವರೆಗೂ ಕೊಳೆತಿತ್ತು. ಅವನಿಗೆ ರೂಟ್ ಕೆನಾಲೇ ಸರಿಯಾದದ್ದು, ಈಗ ಅದರಲ್ಲೇ ಏಡಿಯ ಕಾಲು ಕಡಿಯುತ್ತಾನೆ. ನನ್ನ ಹಲ್ಲೂ ಮುಂದೆ ಸೋಲಬಹುದು. ಸೋತರೆ ಆ ದಿನ ನರ ತೆಗೆಸುತ್ತೇನೆ. ಊರಿನ ಚಪ್ಪಾಳೆಗಾಗಿ ಇಂದು ತೆಗೆಸುವುದಿಲ್ಲ. ನಿಮ್ಮ ಕಾಲದಲ್ಲಿ ಯಾರಾದರೂ ನರ ತೆಗೆಯೋಣ ಎಂದರೆ, ಒಳಗೆ ಉಳಿಸುವಂಥದ್ದು ಇದೆಯೇ ನೋಡಿ ಎಂದು ಒಮ್ಮೆ ಕೇಳಿ. ಇಲ್ಲವೆಂದರೆ ತೆಗೆಸಿಕೊಳ್ಳಿ. ಕೇಳದೆ ಮಾತ್ರ ಬಾಯಿ ತೆರೆಯಬೇಡಿ.

ತೆಂಕಣ ಕಡಲಿನ ತೇಲುವ ಊರುಗಳಲ್ಲಿ ಮಂಜು ಕಚ್ಚಿಸುವುದಿಲ್ಲವಂತೆ, ಅಲ್ಲಿನ ಆಳದೋಣಿಗಳಿಗೆ ಜನ ಬೇಕಂತೆ. ನಾಳೆ ಬೆಳಿಗ್ಗೆ ಅಲ್ಲಿಗೆ ಉಪ್ಪು ಒಯ್ಯುವ ದೋಣಿಯಲ್ಲಿ ಹೊರಡುತ್ತೇನೆ.